ದೊಡ್ಡಪ್ಪ ಫೋನ್ ಮಾಡಿದ್ದರೇ?

೧

ಎಲ್ಲಿಂದ ಶುರು ಮಾಡಲಿ? ಮೆಡಿಕಲ್ ಕಾಲೇಜಿನ ಉದ್ದನೆಯ ಕಾರಿಡಾರ್, ಬೆಂಚಿನ ಮೇಲೆ ಸಾಲಾಗಿ ಕೂತ ಹುಡುಗ ಹುಡುಗಿಯರು, ಎದೆಗವಚಿಕೊಂಡ ಫೈಲುಗಳು... ಬೇಡ. ಇಷ್ಟು ಓದಿದರೆ ನೀವು ಪುಟ ತಿರುಗಿಸುತ್ತೀರಿ, ನಿಮ್ಮನ್ನು ನಾನು ಬಲ್ಲೆ. ಫೋನಿನಿಂದ ಶುರು ಮಾಡೋಣವೆಂದರೆ, ದೊಡ್ಡಪ್ಪ ಫೋನ್ ಮಾಡಿದ್ದರೋ ಇಲ್ಲವೋ ನನಗೇ ಗೊತ್ತಿಲ್ಲ. ಕಥೆಯ ನಾಯಕಿಗೂ ಗೊತ್ತಿಲ್ಲ. ಅವಳ ಸಂಕಟವೇ ಅದು.

೨

ನಾಯಕಿ ಈಗ ಮಕ್ಕಳ ಡಾಕ್ಟರು. ಒಳ್ಳೆಯ ಕೈಗುಣ. ಅವಳ ದೊಡ್ಡಪ್ಪನೂ ಮಕ್ಕಳ ಡಾಕ್ಟರೇ, ಅವಳು ಓದಿದ ಕಾಲೇಜಿನಲ್ಲೇ ಮುಖ್ಯಸ್ಥರಾಗಿದ್ದು ನಿವೃತ್ತರಾದವರು. ಸೀಟಿನ ಸಂದರ್ಶನಕ್ಕೆಂದು ಅವಳು ಕನ್ನಡಿಯ ಮುಂದೆ ನಿಂತು ವಾರಗಟ್ಟಲೆ ತಯಾರಾಗಿದ್ದಳು. ಒಳಗೆ ಹೋದರೆ ಮೇಜಿನ ಆಚೆ ಕೂತವರಲ್ಲಿ ಒಬ್ಬರು ಕೇಳಿದ್ದು:

"ದೊಡ್ಡಪ್ಪ ಚೆನ್ನಾಗಿದ್ದಾರಾ?"

"ಚೆನ್ನಾಗಿದ್ದಾರೆ ಸರ್."

"ಅವರ ಮಂಡಿನೋವು?" ಎಂದರು ಪಕ್ಕದವರು.

"ಮೆಟ್ಟಿಲು ಹತ್ತೋವಾಗ ಸ್ವಲ್ಪ ಕಷ್ಟ ಮೇಡಂ."

"ವಾಕಿಂಗ್ ಬಿಡಬೇಡಿ ಅಂತ ಹೇಳಮ್ಮ. ಸರಿ, ಹೋಗಿ ಬಾ."

ಅಷ್ಟೇ. ಸೀಟು ಸಿಕ್ಕಿತು. ಅವಳ ಮಾರ್ಕ್ಸು ಚೆನ್ನಾಗಿಯೇ ಇತ್ತು, ಆದರೆ ಅಂಥ ಮಾರ್ಕ್ಸಿನವರು ಹೊರಗೆ ಬೆಂಚಿನ ತುಂಬ ಇದ್ದರು. (ನಗಬೇಡಿ. ಈ ಕಥೆ ಅಚ್ಚಾದರೆ ಅದೂ ಸಂಪಾದಕರು ನನ್ನ ಭಾವ ಅನ್ನುವ ಕಾರಣಕ್ಕೇ ಇರಬಹುದು. ನಾನೂ ಕೇಳಿಲ್ಲ.)

"ನೀವು ಹೇಳಿದ್ರಾ ದೊಡ್ಡಪ್ಪ?" ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಮೊದಲು ಸಂಕೋಚ, ಆಮೇಲೆ ಓದು, ಆಮೇಲೆ ಅವರ ಕಾಯಿಲೆ. ಹೋದ ವರ್ಷ ಅವರೇ ಹೋಗಿಬಿಟ್ಟರು. ಮಗು ಗುಣವಾಗಿ ಅದರ ತಾಯಿ ಡಾಕ್ಟರಮ್ಮನನ್ನು ಹೊಗಳಿದಾಗಲೆಲ್ಲ ಆ ಪ್ರಶ್ನೆ ಮತ್ತೆ ಎದ್ದು ಬರುತ್ತದೆ. ತಾನಾಗಿಯೇ ಒಳಗೆ ಬಂದವಳೇ ತಾನು? ಹೇಳಬಲ್ಲವರು ಒಬ್ಬರೇ ಇದ್ದರು.

೩

ಮೊದಲ ಡ್ರಾಫ್ಟು: ದೊಡ್ಡಪ್ಪ ಫೋನ್ ಮಾಡಿದರು. "ನಮ್ಮ ಹುಡುಗಿ ಬರ್ತಾಳೆ, ಸ್ವಲ್ಪ ನೋಡ್ಕೊಳ್ಳಿ." ಇಷ್ಟು ಬರೆಯುವಷ್ಟರಲ್ಲಿ ಡಾಕ್ಟರಮ್ಮ ಬಂದು ಹಾಳೆಯನ್ನೇ ಕಿತ್ತುಕೊಂಡಳು.

"ನಮ್ಮ ದೊಡ್ಡಪ್ಪ ಯಾರ ಹತ್ರಾನೂ ಕೈ ಚಾಚಿದೋರಲ್ಲ."

ಎರಡನೆಯ ಡ್ರಾಫ್ಟು: ಮಾಡಲಿಲ್ಲ. ಖುಷಿಯಾಗುತ್ತಾಳೆ ಅಂದುಕೊಂಡೆ. ಮುಖ ಇನ್ನೂ ಗಂಟಾಯಿತು.

"ಸಮಾಧಾನ ಮಾಡೋಕೆ ಬರೀಬೇಡಿ. ಅರ್ಜೀಲಿ ನಮ್ಮ ಮನೆತನದ ಹೆಸರು ಸಂದರ್ಶನ ಮಾಡೋರ ಕಣ್ಣ ಮುಂದೇನೇ ಇತ್ತು. ಫೋನ್ ಯಾಕೆ ಬೇಕು?"

"ಮತ್ತೆ ನಾನೇನು ಮಾಡ್ಲಿ ತಾಯಿ?"

"ದೊಡ್ಡಪ್ಪಾನೇ ಇಲ್ಲದ ಹಾಗೆ ಬರೀರಿ. ಆಗ ನನಗೆ ಸೀಟು ಸಿಗುತ್ತಾ ನೋಡೋಣ."

(ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ. ತಲೆ ಮೇಲೆ ಹತ್ತಿ ಕೂರುತ್ತವೆ.)

೪

ಮೂರನೆಯ ಡ್ರಾಫ್ಟಿನಿಂದ ದೊಡ್ಡಪ್ಪನನ್ನು ತೆಗೆದುಹಾಕಿದೆ. ಅವರ ಕೈ ಹಿಡಿದು ಅವಳು ವಾರ್ಡಿಗೆ ಹೋಗುತ್ತಿದ್ದ ಭಾನುವಾರಗಳೂ ಹೋದವು. ಅವರು ಸ್ಟೆತೊಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದು ಬಿಸಿ ಮಾಡಿ ಆಮೇಲೆ ಮಗುವಿನ ಎದೆಗೆ ಇಡುತ್ತಿದ್ದುದು, "ತಣ್ಣಗಿದ್ರೆ ಪಾಪ ನಡುಗುತ್ತೆ ಮರೀ" ಎಂದು ಇವಳಿಗೆ ಹೇಳುತ್ತಿದ್ದುದು, ಎಲ್ಲ ಹೋಯಿತು. ಹುಡುಗಿ ಕಾಲೇಜಿನ ಗೇಟಿನ ಹತ್ತಿರ ಬಂದಳು. ಗೆಳತಿಯ ಜೊತೆ ಏನೋ ಹರಟುತ್ತಾ, ಆ ಕಡೆ ಕತ್ತು ಕೂಡ ತಿರುಗಿಸದೆ ಮುಂದೆ ಹೋದಳು. ನಾನು ಎಷ್ಟು ಕರೆದರೂ ಒಳಗೆ ಬರಲಿಲ್ಲ.

ಡಾಕ್ಟರಮ್ಮ ಅದನ್ನು ಮತ್ತೆ ಮತ್ತೆ ಓದಿದಳು.

"ಇವಳಿಗೆ ಡಾಕ್ಟರ್ ಆಗೋದೇ ಬೇಕಾಗಿಲ್ವಲ್ಲ."

"ಹೌದು. ಆ ಆಸೆ ಹಚ್ಚಿದೋರನ್ನೇ ನೀವು ತೆಗೆಸಿಬಿಟ್ರಿ."

ಅವಳಿಗೆ ಅಳು ಬಂತು. ನನಗೂ ಬಂತು. ಆಧುನಿಕೋತ್ತರ ಕಥೆಗಾರ ಅಳಬಾರದೆಂದು ತಡೆದುಕೊಂಡೆ.

"ಅವರನ್ನ ವಾಪಸ್ ಕರ್ಕೊಂಡ್ ಬನ್ನಿ," ಎಂದಳು. "ಒಂದೇ ಸಲ. ನಾನೇ ಕೇಳ್ತೀನಿ."

೫, ಅಥವಾ ಕೊನೆ ಎಂದು ನೀವು ಅಂದುಕೊಳ್ಳುವುದು

ಕರೆದುಕೊಂಡು ಬಂದೆ. ಕಥೆಗಾರನ ಕೈಲಾಗುವುದು ಅಷ್ಟೇ ತಾನೆ. ಕಿಟಕಿಯ ಪಕ್ಕ ಕುರ್ಚಿ ಹಾಕಿದೆ. ದೊಡ್ಡಪ್ಪ ಉಸ್ಸಪ್ಪಾ ಎಂದು ಕೂತು ಅವಳನ್ನೇ ನೋಡಿದರು.

"ಯಾಕೆ ಮರೀ, ಇಷ್ಟು ಸೊರಗಿದೀಯ?"

ಕೊನೆ ಎರಡು ಥರ ಇದೆ. ಅವರು ಹೂಂ ಅನ್ನುವುದು ಒಂದು, ಉಹೂಂ ಅನ್ನುವುದು ಇನ್ನೊಂದು. ಎರಡನ್ನೂ ಬರೆದಿಟ್ಟುಕೊಂಡು ಕಾಯುತ್ತಿದ್ದೇನೆ. ಅವಳು ಕೇಳುತ್ತಿಲ್ಲ. ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ನಿನ್ನೆ ವಾರ್ಡಿಗೆ ಸೇರಿದ ಮಗುವೊಂದರ ಬಿಡದ ಜ್ವರದ ಬಗ್ಗೆ ಹೇಳುತ್ತಿದ್ದಾಳೆ. ಅವರು ನಡುವೆ ತಡೆದು ಏನೋ ಕೇಳುತ್ತಾರೆ. ಇವಳು ಯೋಚಿಸಿ ಉತ್ತರ ಹೇಳುತ್ತಾಳೆ. ಅವರು ತಲೆದೂಗಿ ಇನ್ನೊಂದು ಪ್ರಶ್ನೆ ಹಾಕುತ್ತಾರೆ.

"ಕೇಳಿಬಿಡಿ ಡಾಕ್ಟರೇ," ಎಂದು ಪಿಸುಗುಟ್ಟಿದೆ. "ಉತ್ತರ ಬಂದ್ರೆ ಕಥೆ ಮುಗೀತು, ಅವರೂ ಹೊರಡ್ತಾರೆ."

"ಅದಕ್ಕೇ ಕೇಳ್ತಿಲ್ಲ," ಎಂದವಳೇ ಮತ್ತೆ ಮಗುವಿನ ಜ್ವರದ ಮಾತಿಗೆ ಮರಳಿದಳು.