ಅತ್ತೆಗೆ ಸ್ವಾಹಿಲಿಯಲ್ಲಿ ಹೇಳಿದ ಕೆಲಸ

ಉಗಾರ ಬುದ್ರುಕದ ಮನೆಯ ಅಡಿಗೆ ಕೋಣೆಯಲ್ಲಿ ರೂಪಾಲಿ ರೊಟ್ಟಿ ಬಡಿಯುತ್ತ, ಹಿಟ್ಟಿನ ಡಬ್ಬಿಗೆ ಆನಿಸಿಟ್ಟ ನೋಟಬುಕ್ಕು ಓದುತ್ತಿದ್ದಳು. 'ಓಶಾ ವ್ಯೋಂಬೊ' ಎಂದರೆ ಪಾತ್ರೆ ತೊಳೆ. 'ಫಾಗಿಯಾ ನ್ಯುಂಬಾ' ಎಂದರೆ ಮನೆ ಕಸ ಹೊಡೆ. 'ಚುಂವಿ ಇಕೊ ವಾಪಿ?' ಎಂದರೆ ಉಪ್ಪು ಎಲ್ಲಿದೆ? ಹಂಚಿನ ಮೇಲಿನ ರೊಟ್ಟಿ ಉಬ್ಬುವಷ್ಟರಲ್ಲಿ ಒಂದು ಮಾತು ಬಾಯಿಗೆ ಬರಬೇಕು. ಅದು ಅವಳೇ ಹಾಕಿಕೊಂಡ ನೇಮ.

ಗಂಡ ಈಶ್ವರ ಟಾಂಜಾನಿಯಾದ ಸಕ್ಕರೆ ಕಾರ್ಖಾನೆಯೊಂದಕ್ಕೆ ಸೇರಿ ವರ್ಷವಾಗಿತ್ತು. ಕಬ್ಬಿನ ರಸ ಸಕ್ಕರೆಯಾಗುವ ಹದ ಬಲ್ಲ ಕೈಗೆ ಅಲ್ಲಿ ಬೆಲೆ. ಈಗ ಇರಲು ಮನೆಯನ್ನೂ ಕೊಟ್ಟಿದ್ದರು. ರೂಪಾಲಿ ಮತ್ತು ನಾಲ್ಕು ವರ್ಷದ ಮಗಳು ಪ್ರಾಜಕ್ತಾ ಹೋಗುವುದೊಂದೇ ಬಾಕಿ. ಆದರೆ ಈಶ್ವರನಿಗೆ ಅಳುಕು. ಅವನ ಜೊತೆಗಾರನ ಹೆಂಡತಿ ಅಲ್ಲಿ ಯಾರೊಡನೆಯೂ ಮಾತಾಡಲಾಗದೆ ತಿಂಗಳಲ್ಲೇ ತಿರುಗಿ ಬಂದಿದ್ದಳು.

"ನಾ ಹನ್ನೆರಡು ತಾಸು ಪಾಳಿ ಮ್ಯಾಗ ಇರ್ತೇನಿ. ಮನ್ಯಾಗ ನೀನು, ಕೂಸು, ಕೆಲಸಕ್ಕ ಬರೂ ಮಾಮಾ ನೇಮಾ. ಆಕಿಗೆ ಸ್ವಾಹಿಲಿ ಬಿಟ್ಟು ಬ್ಯಾರೆ ಬರಂಗಿಲ್ಲ. ಕೂಸಿಗೆ ಜ್ವರ ಬಂದ್ರ ಏನಂತ ಹೇಳ್ತಿ? ಶುಕ್ರವಾರ ವಿಡಿಯೋದಾಗ ಆಕಿ ಜೋಡಿ ಮಾತಾಡಿ ತೋರ್ಸು, ಟಿಕೆಟ್ ತಗೀತೇನಿ. ಇಲ್ಲಾಂದ್ರ ಮುಂದಿನ ವರ್ಷ ನೋಡೂಣು" ಎಂದಿದ್ದ.

ಮುಂದಿನ ವರ್ಷವಂತೆ! ಪ್ರಾಜಕ್ತಾ ಅಪ್ಪನೆಂದರೆ ಮೊಬೈಲಿನೊಳಗೆ ಇರುವವನು ಎಂದೇ ತಿಳಿದಿದ್ದಳು. ಉಣ್ಣುವಾಗ ಪರದೆಗೆ ತುತ್ತು ಒತ್ತುತ್ತಿದ್ದಳು. ಇನ್ನೊಂದು ವರ್ಷ ಆ ಪರದೆ ಒರೆಸುವುದಿಲ್ಲವೆಂದು ರೂಪಾಲಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ರಾಯಬಾಗದ ತವರಿನಲ್ಲಿ ಕನ್ನಡ, ನಿಪ್ಪಾಣಿಯ ಸೋದರತ್ತೆಯ ಮನೆಯಲ್ಲಿ ಮರಾಠಿ ಆಡಿ ಬೆಳೆದ ನಾಲಿಗೆ ಅದು. ಮೂರನೆಯದಕ್ಕೆ ಹೆದರುವಂಥದ್ದಲ್ಲ.

ಮಾತುಗಳೇನೋ ಬಾಯಿಪಾಠವಾದವು. ಆದರೆ ಯಾರಿಗೆ ಹೇಳುವುದು?

"ನನಗ ಹೇಳು" ಎಂದು ಅತ್ತೆ ರುಕ್ಮವ್ವ ಕಸಬರಿಗೆ ಹಿಡಿದು ಎದುರು ನಿಂತರು. "ನಾನ ಆ ಮಾಮಾ ನೇಮಾ ಅಂತ ತಿಳ್ಕೊ. ಅಲ್ಲಬೇ, ಹೆಣ್ಮಗಳಿಗೆ ಮಾಮಾ ಅಂತಾರ?"

"ಅಲ್ಲಿ ಅವ್ವಗ ಮಾಮಾ ಅಂತಾರ್ರಿ ಅತ್ತಿ."

"ಅನ್ಲಿ ತಗೊ. ಹಚ್ಚು ಕೆಲಸ."

ರೂಪಾಲಿ ನೋಟಬುಕ್ಕನ್ನು ಎದೆಗೆ ಅವುಚಿಕೊಂಡಳು. ಈ ಮನೆಗೆ ಬಂದು ಆರು ವರ್ಷವಾದರೂ ಅತ್ತೆಗೆ ಒಂದು ಲೋಟ ಸರಿಸಿಡಿ ಎಂದವಳಲ್ಲ ಅವಳು.

"ಹೆಂಗ ಹೇಳ್ಲಿರಿ? ನಾಚಿಕಿ ಬರ್ತೈತಿ."

"ನಮ್ಮತ್ತಿಗೆ ಒಂದ ಕೆಲಸ ಹೇಳಬೇಕಂತ ನಾ ಮೂವತ್ತ ವರ್ಷ ಕಾದೆ, ಆಗ್ಲಿಲ್ಲ. ನಿನಗರ ಪರದೇಶದ ಭಾಷೆ ಸಿಕ್ಕೈತಿ. ಹೇಳಬೇ!"

"ಫಾಗಿಯಾ ನ್ಯುಂಬಾ" ಎಂದಳು ರೂಪಾಲಿ, ನೆಲ ನೋಡುತ್ತ. ರುಕ್ಮವ್ವ ಕಸ ಹೊಡೆದರು. "ಲೇತಾ ಮಾಜಿ" ಎಂದರೆ ನೀರು ತಂದರು. ಮೂರನೆಯ ದಿನಕ್ಕೆ ಅವರು ಬೇಕೆಂದೇ ತಪ್ಪತೊಡಗಿದರು. ನೀರು ಕೇಳಿದರೆ ಮೊರ ತಂದು ಕೊಟ್ಟು ಪಿಳಿಪಿಳಿ ನೋಡುವರು. "ಹಪಾನಾ, ಮಾಮಾ! ಮಾಜಿ!" ಅದಲ್ಲ, ನೀರು ಎಂದು ರೂಪಾಲಿ ಗಟ್ಟಿಯಾಗಿ ಕೂಗಲೇಬೇಕು.

ಗೋಡೆಯಾಚೆಯಿಂದ ನೆರೆಮನೆಯ ಕೆಂಪವ್ವ ಇಣುಕಿದಳು. "ಯಾಕ ರುಕ್ಮವ್ವ, ಸೊಸಿ ಬೈಯಾಕತ್ತಾಳೇನ?"

"ಆಫ್ರಿಕಾಕ್ಕ ಹೊಂಟಾಳ. ನೀನೂ ಬಾ, ನಿನಗೂ ನಾಕ ಭಾಂಡೆ ತಿಕ್ಕಾಕ ಹಚ್ತಾಳ."

ಗುರುವಾರ ರುಕ್ಮವ್ವ ಕಸಬರಿಗೆ ಕೆಳಗಿಟ್ಟು ಕುಳಿತುಬಿಟ್ಟರು. "ನಾಕ ದಿನಾ ಆತು. ಬರೇ ಮಾಡು, ತಾ, ತೊಳಿ. ನನಗ ಒಮ್ಮೆರ ಬರ್ರಿ, ಕೂಡ್ರಿ ಅಂದಿಯೇನು? ನಮ್ಮ ಹೊಲಕ್ಕ ಕಬ್ಬು ಕಡ್ಯಾವರು ಬಂದ್ರ ಮೊದಲ ಚಾ ಕೊಡ್ತೇವಿ, ಆಮ್ಯಾಲೆ ಹೊಲಾ ತೋರಿಸ್ತೇವಿ. ಆ ಊರಾಗ ಹಿರ್ಯಾರಿಗೆ ಶರಣು ಅನ್ನೂದ ಇಲ್ಲೇನು?"

ರೂಪಾಲಿ ನೋಟಬುಕ್ಕು ತಿರುವಿದಳು. ಎಲ್ಲವೂ ಈಶ್ವರ ಕಳಿಸಿದ ಪಟ್ಟಿಯ ಮಾತುಗಳು. ಕೆಲಸ, ಜ್ವರ ಬಿಟ್ಟರೆ ಇನ್ನೇನೂ ಇಲ್ಲ. ಕೈ ಒರೆಸಿಕೊಂಡು ಮೊಬೈಲಿನಲ್ಲಿ ಹುಡುಕಿದಳು. ಒಂದು ವಿಡಿಯೋದಲ್ಲಿ ಆ ದೇಶದ ಒಬ್ಬ ಶಿಕ್ಷಕಿ ಹೇಳಿಕೊಡುತ್ತಿದ್ದಳು: ಹಿರಿಯರನ್ನು ಕಂಡರೆ ಮೊದಲು 'ಶಿಕಮೊ' ಅನ್ನಬೇಕು. ನಿಮ್ಮ ಕಾಲು ಹಿಡಿದೆ ಎಂಬುದು ಅದರ ಮೂಲ ಅರ್ಥವಂತೆ. ಹಿರಿಯರು 'ಮರಹಬಾ' ಎಂದು ಒಪ್ಪಿಕೊಳ್ಳುತ್ತಾರೆ. ಬಂದವರನ್ನು ಕೂಡಿಸಿ ಚಹಾ, ಸಕ್ಕರೆ ಕೊಡುವ ಮಾತುಗಳೂ ಆ ಪಾಠದಲ್ಲಿದ್ದವು.

"ನೋಡ, ಅವರೂ ನಮ್ಮಂಗ ಅದಾರ" ಎಂದರು ರುಕ್ಮವ್ವ. ರೂಪಾಲಿ ಶಿಕಮೊ ಎನ್ನುತ್ತ ನಿಜವಾಗಿಯೂ ಅವರ ಕಾಲು ಮುಟ್ಟಿದಳು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ, ರಾತ್ರಿ ಪಾಳಿ ಮುಗಿಸಿ ಬಂದ ಈಶ್ವರ ಕರೆ ಮಾಡಿದ. ಅವನ ಹಿಂದೆ ಪಾತ್ರೆ ತೊಳೆಯುತ್ತಿದ್ದ ಮಾಮಾ ನೇಮಾಗೆ ರುಕ್ಮವ್ವನಿಗಿಂತ ಹೆಚ್ಚು ನರೆತ ತಲೆ.

"ಹೂಂ, ಶುರು ಮಾಡು. ಏನರ ಕೆಲಸ ಹೇಳು ಆಕಿಗೆ."

ರೂಪಾಲಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಶಿಕಮೊ, ಮಾಮಾ."

ಆ ಮುದುಕಿಯ ಕೈ ನಿಂತಿತು. ನೊರೆ ಹತ್ತಿದ ಕೈಯಲ್ಲೇ ಪರದೆಯ ಹತ್ತಿರ ಬಂದು, ಮುಖವೆಲ್ಲ ನಗುವಾಗಿ, "ಮರಹಬಾ, ಮ್ವನಂಗು" ಎಂದಳು. ನನ್ನ ಮಗಳೇ, ಎಂದು.

"ಏನಂದಿ ಆಕಿಗೆ? ಆಕಿ ಹಿಂಗ ನಕ್ಕಿದ್ದು ನಾ ನೋಡೇ ಇಲ್ಲ" ಎಂದ ಈಶ್ವರ.

"ಶರಣು ಅಂದೆ. ನೀವು ಒಂದ ವರ್ಷದಾಗ ಒಮ್ಮೆನೂ ಅಂದಿಲ್ಲೇನ್ರಿ?"

"ನನಗ ಯಾರು ಹೇಳ್ಯಾರ?"

"ಹಡದಾಕಿ ಹೇಳಿದ್ದಿಲ್ಲೇನ್ಲೇ?" ಎಂದರು ಹಿಂದಿನಿಂದ ರುಕ್ಮವ್ವ.

ಈಶ್ವರ ಮಾತು ತಿರುಗಿಸಿದ. "ಆತು, ಕೂಸಿಗೆ ಜ್ವರ ಬಂದ್ರ?"

"ಮ್ತೋತೊ ಆನಾ ಹೋಮಾ" ಎಂದಳು ರೂಪಾಲಿ. ಮಾಮಾ ನೇಮಾ ಗಾಬರಿಯಾಗಿ "ದಕ್ತಾರಿ! ದಕ್ತಾರಿ!" ಎನ್ನುತ್ತ ಈಶ್ವರನ ತೋಳು ಹಿಡಿದು ಬಾಗಿಲ ಕಡೆ ಎಳೆದೇಬಿಟ್ಟಳು. "ಹಪಾನಾ, ಮಾಮಾ, ಪೊಲೆ ಪೊಲೆ!" ಇಲ್ಲ, ನಿಧಾನ ಎಂದು ಕೂಗಿ ರೂಪಾಲಿ, ಪಕ್ಕದಲ್ಲೇ ಕುಣಿಯುತ್ತಿದ್ದ ಪ್ರಾಜಕ್ತಾಳನ್ನು ಎತ್ತಿ ತೋರಿಸಿದ ಮೇಲೇ ಆಕೆ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತಳು. ರೂಪಾಲಿಯ ಎದೆಯೂ ತಣ್ಣಗಾಯಿತು. ಮಗಳಿಗೆ ಅಲ್ಲೊಬ್ಬ ಅಜ್ಜಿ ಇದ್ದಾಳೆ.

"ಕಾ, ಮಾಮಾ. ಕುನ್ಯ್ವಾ ಚಾಯ್" ಎಂದಳು. ಕೂಡ್ರಿ, ಚಹಾ ಕುಡೀರಿ.

ಮಾಮಾ ನೇಮಾ ಆರಾಮಾಗಿ ಕುರ್ಚಿಯ ಮೇಲೆ ಕುಳಿತು ಈಶ್ವರನ ಕಡೆ ನೋಡಿದಳು. ಮನೆಯಲ್ಲಿ ಇನ್ನೊಬ್ಬರಿಲ್ಲ. ಈಶ್ವರ ಎದ್ದು ಒಲೆ ಹಚ್ಚಿದ. ಡಬ್ಬಿ ಸಪ್ಪಳ ಕೇಳಿತು, ಆಮೇಲೆ ಅವನ ದನಿ: "ರೂಪಾಲಿ, ಸಕ್ಕರಿ ಎಲ್ಲಿಟ್ಟಾಳೋ ಏನೋ!"

"ಊರಿಗೆಲ್ಲಾ ಸಕ್ಕರಿ ಮಾಡಾಂವ" ಎಂದು ರುಕ್ಮವ್ವ ಸೆರಗಿನಲ್ಲಿ ನಕ್ಕರು.

ನೋಟಬುಕ್ಕಿನಲ್ಲಿ ಇದ್ದದ್ದು ಉಪ್ಪು ಮಾತ್ರ. ರೂಪಾಲಿ ಅದನ್ನು ತೆರೆಯಲೂ ಇಲ್ಲ. "ಮಾಮಾ, ಸುಕಾರಿ ಇಕೊ ವಾಪಿ?" ಮುದುಕಿ ಏನೋ ಹೇಳುತ್ತ ಬೆರಳು ಎತ್ತಿ ಮೇಲೆ, ಎಡಗಡೆಗೆ ತೋರಿಸಿದಳು.

"ಮ್ಯಾಲಿನ ಕಪಾಟಿನ್ಯಾಗ, ಎಡಕ್ಕ ಐತ್ರಿ" ಎಂದಳು ರೂಪಾಲಿ ಗಂಡನಿಗೆ. "ಟಿಕೆಟ್ ಆಮ್ಯಾಲೆ ತಗೀರಿ. ಮೊದಲ ಚಾ ನೋಡ್ರಿ, ಉಕ್ಕಾಕತ್ತೈತಿ."