ಗಾಳಿಕಿಂಡಿಯ ಕಾಲುಚೀಲ

ಎನಿಡ್ ಅಜ್ಜಿಯ ಮನೆ ಹಿಂದಿನ ಗಾಜಿನ ಕೋಣೆಯಲ್ಲಿ ಮರದ ನೆಲದ ಮೊದಲ ಹಲಗೆ ಎಬ್ಬಿಸುತ್ತಿದ್ದಂತೆ ಕೊಳೆತ ನಾತ ಮೂಗಿಗೆ ರಪ್ಪನೆ ಹೊಡೆಯಿತು. ಚಾವಣಿ ಅಂಚಿನ ಮಳೆನೀರಿನ ದೋಣಿ ಒಡೆದು ಎರಡು ಚಳಿಗಾಲ ನೀರು ಕೆಳಗಿಳಿದಿತ್ತಂತೆ. ಇಳಿಯಲಿ, ನಮ್ಮ ಯಾರ್ಕ್‌ಷೈರ್‌ನಲ್ಲಿ ನೀರು ಇಳಿಯದ ಮನೆ ಯಾವುದಿದೆ? ನೆಲದಡಿ ಗಾಳಿ ಆಡಿದರೆ ಒಣಗುತ್ತದೆ. ಅದಕ್ಕೆಂದೇ ಗೋಡೆಯ ಬುಡದಲ್ಲಿ ಕಿಂಡಿ ಬಿಟ್ಟಿರುತ್ತಾರೆ. ಇಲ್ಲಿ ನೋಡಿದರೆ ತೊಲೆಯೊಳಗೆ ನನ್ನ ಹೆಬ್ಬೆರಳು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

ಹೊರಗೆ ಹೋಗಿ ಬಗ್ಗಿದೆ. ನಾಲ್ಕು ಕಿಂಡಿಗಳಿಗೂ ಉಣ್ಣೆಯ ಕಾಲುಚೀಲ ಗಿಡಿದಿದ್ದಾರೆ! ಪಿತ್ತ ನೆತ್ತಿಗೇರಿತು. ಮೂವತ್ತು ವರ್ಷ ನೆಲ ಹಾಸಿದವನು ನಾನು.

"ಯಾವ ಕತ್ತೆ ಮಾಡಿದ ಕೆಲ್ಸ ಅಜ್ಜೀ ಇದು?" ಒಂದನ್ನು ಕಿತ್ತು ತಂದು ಕೂಗಿದೆ. "ಕಿಂಡಿ ಮುಚ್ಚಿ ನೆಲದ ಉಸಿರು ಕಟ್ಸಿದಾನೆ! ಇಲ್ದಿದ್ರೆ ಒಂದು ಹಲಗೇನೂ ಮುರೀತಿರ್ಲಿಲ್ಲ!"

ಚಹಾ ತರುತ್ತಿದ್ದ ಎನಿಡ್ ಅಜ್ಜಿ ನಿಂತಲ್ಲೇ ನಿಂತಳು. ತಟ್ಟೆಯಿಂದ ಬಿಸ್ಕತ್ತು ಜಾರಿತು.

"ಆ ಕತ್ತೆ ನಾನೇ ಕಣಪ್ಪ ಡೆರೆಕ್. ನನ್ನ ಕ್ಲಿಫರ್ಡ್ ದಿನಾ ಇಲ್ಲೇ ಕೂತಿರ್ತಿದ್ದ. ಕೆಳಗಿಂದ ಗಾಳಿ ನುಗ್ಗುತ್ತೆ, ಕಾಲು ಥಂಡಿ ಅಂತಿದ್ದ. ಅವನ ಹಳೇ ಕಾಲುಚೀಲಾನೇ ತುರುಕಿದೆ."

ಆಗ ನೆನಪಾಯಿತು. ಫೆಬ್ರವರಿಯಲ್ಲಿ ಇದೇ ಕೋಣೆಯ ಹಲಗೆ ಮುರಿದು ಅಜ್ಜಿಯ ಗಂಡ ಕ್ಲಿಫರ್ಡ್ ಬಿದ್ದಿದ್ದ. ಸೊಂಟ ಮುರಿದು ಆಸ್ಪತ್ರೆ ಸೇರಿದವನು ಮನೆಗೆ ಮರಳಲಿಲ್ಲ. ಅವನ ಮಣ್ಣಿಗೆ ಹೋಗಿ ಹ್ಯಾಮ್ ಸ್ಯಾಂಡ್‌ವಿಚ್ ತಿಂದು ಬಂದವನು ನಾನು. ಬಾಯಿ ಬಿಡುವ ಮೊದಲು ಅದು ನೆನಪಾಗಬಾರದಿತ್ತೇ? ಸುಡಲಿ ನನ್ನ ನಾಲಿಗೆ!

"ಹಂಗಾದ್ರೆ ಅವನ್ನ..." ಅಜ್ಜಿ ಕಿತ್ತ ಹಲಗೆಯತ್ತ ನೋಡಿದಳು. "ನಾನೇ ಬೀಳ್ಸಿದ್ನಾ?"

"ಏ, ಬಿಡಜ್ಜಿ! ಅಷ್ಟು ನೀರಿಗೆ ಹತ್ತು ಕಿಂಡಿ ತೆರೆದಿದ್ರೂ ಕೊಳೀತಿತ್ತು. ನಾನು ಮೊದ್ಲು ಬೈತೀನಿ, ಆಮೇಲೆ ನೋಡ್ತೀನಿ. ಬೇಕಾದ್ರೆ ನನ್ನ ಹೆಂಡ್ತೀನ ಕೇಳು."

ಕೆಲಸದ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಅಜ್ಜಿಯ ಮುಖ ನೋಡಲು ಧೈರ್ಯ ಸಾಲದೆ ಮೊಳೆ ಹೆಕ್ಕುತ್ತ ಕೂತೆ.

ಅಜ್ಜಿ ಕಾಲುಚೀಲ ಇಸಿದುಕೊಂಡು ಮಣ್ಣು ಕೊಡವಿದಳು. ಚಹಾ ಆರಿಹೋಯಿತು.

"ಹೊಸ ನೆಲಕ್ಕೆ ಎಷ್ಟು ಕಿಂಡಿ ಇಡ್ತೀಯ?"

"ಇರೋ ನಾಲ್ಕೇ ಸಾಕಜ್ಜಿ."

"ಎಂಟು ಇಡು," ಎಂದಳು. "ನನ್ನ ಕೈ ತೂರದ ಹಾಗೆ ಜಾಲರಿ ಹಾಕು."