ಎಣಿಕೆಗೆ ಸಿಗದವಳು

"ಸೊನ್ನೆ!" ಎಂದು ಅವನು ತೃಪ್ತಿಯಿಂದ ಹೇಳಿ ಪರದೆಯ ಮೇಲಿದ್ದ ಪಟ್ಟಿಯಿಂದ ಒಂದು ಸಾಲನ್ನು ಅಳಿಸಿಬಿಟ್ಟ.

ಹಗಲು ನೀರು ಸರಬರಾಜು ಕಚೇರಿಯ ಗುಮಾಸ್ತನಾಗಿದ್ದ ಅವನು, ಸಂಜೆ ಹೊತ್ತು ಕಸೂತಿ ವಿನ್ಯಾಸದ ಒಂದು ತಂತ್ರಾಂಶವನ್ನು ಲಿನಕ್ಸ್ ಕಂಪ್ಯೂಟರುಗಳಲ್ಲಿ ಸಲೀಸಾಗಿ ಕೂರುವಂತೆ ಪ್ಯಾಕೇಜ್ ಕಟ್ಟಿ ಲೋಕಕ್ಕೆಲ್ಲ ಪುಕ್ಕಟೆ ಹಂಚುತ್ತಿದ್ದ. ಪಕ್ಕದ ಮನೆಯವರು ಇದು ಯಾವುದೋ ರಟ್ಟಿನ ಡಬ್ಬದ ವ್ಯವಹಾರವೆಂದು ತಿಳಿದು ಅವನನ್ನು ಪ್ಯಾಕಿಂಗ್ ಮಾಮ ಎನ್ನುತ್ತಿದ್ದರು. ಒಂದೊಂದು ಬಗೆಯ ಕಂಪ್ಯೂಟರಿಗೂ ಬೇರೆ ಬೇರೆಯಾಗಿ ಕಟ್ಟಬೇಕು. ಅದರಲ್ಲೂ ಹಳೆಯ ಕಾಲದವಕ್ಕೆ ಕಟ್ಟುವುದು ದೊಡ್ಡ ತಲೆನೋವು. ಮೂರು ವರ್ಷದ ಡೌನ್‌ಲೋಡ್ ಲೆಕ್ಕ ತೆಗೆದು ನೋಡಿದರೆ ಅದನ್ನು ಇಳಿಸಿಕೊಂಡವರು ಒಬ್ಬರೂ ಇಲ್ಲ. ಬೇರೆ ಬೇರೆ ದೇಶಗಳಲ್ಲಿದ್ದ, ಒಬ್ಬರ ಮುಖ ಒಬ್ಬರು ನೋಡದ ನಾಲ್ವರು ಜೊತೆಗಾರರೂ ಒಪ್ಪಿದರು. ಕಟ್ಟಬೇಕಾದವುಗಳ ಪಟ್ಟಿಯಿಂದ ಆ ಒಂದು ಸಾಲು ಹೋದದ್ದೇ ತಡ, ಹಳೆಯ ಕಂಪ್ಯೂಟರಿನ ಪ್ಯಾಕೇಜುಗಳೆಲ್ಲ ಅಂದೇ ಸರ್ವರಿನಿಂದ ಮಾಯವಾದವು. ಅವನಿಗೆ ತಲೆಯ ಮೇಲಿನ ಭಾರ ಇಳಿದಂತಾಯಿತು.

ಹನ್ನೆರಡು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಮುಂದಿನ ಕೋಣೆಯಿಂದ ಹೆಂಡತಿ ಕರೆದಳು. ಆ ಕೋಣೆಯೇ ಅವಳ ಕಸೂತಿ ಅಂಗಡಿ.

"ರೀ, ಇದು ಕಣ್ಣೇ ಬಿಡ್ತಿಲ್ಲ ನೋಡಿ."

ಅವಳ ಹದಿನಾಲ್ಕು ವರ್ಷದ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಕೊನೆಗೂ ಕೈಕೊಟ್ಟಿತ್ತು. ಕಸೂತಿ ಯಂತ್ರದ ದಪ್ಪ ಕೇಬಲ್ಲು ಹೊಸ ಕಂಪ್ಯೂಟರುಗಳಿಗೆ ಸೇರುವುದಿಲ್ಲವಾದ್ದರಿಂದ ಅವಳು ಇದನ್ನೇ ಸಾಕಿಕೊಂಡು ಬಂದಿದ್ದಳು. ಶನಿವಾರಕ್ಕೆ ಒಂದು ಗಾಯನ ತಂಡಕ್ಕೆ ನಲವತ್ತು ಬ್ಯಾಡ್ಜು ಕೊಡಬೇಕಿತ್ತು. ಅವರ ಮೊದಲ ಆರ್ಡರು. ತಪ್ಪಿದರೆ ಮುಖ್ಯರಸ್ತೆಯ ದೊಡ್ಡ ಅಂಗಡಿಗೆ ಹೋಗುವವರೇ, ಮತ್ತೆ ಈ ಕಡೆ ತಲೆ ಹಾಕುವವರಲ್ಲ.

"ಅಷ್ಟೇ ತಾನೆ? ಮಧ್ಯಾಹ್ನದೊಳಗೆ ಸರಿ ಮಾಡ್ತೀನಿ," ಎಂದು ರಜೆ ಹಾಕಿ ಹೊಸ ಡಿಸ್ಕ್ ಕೂರಿಸಿದ. ಲಿನಕ್ಸ್ ಬಂತು. ಸರ್ವರಿನಿಂದ ಕಸೂತಿ ತಂತ್ರಾಂಶ ಕೇಳಿದ. ಈ ಕಂಪ್ಯೂಟರಿಗೆ ಅಂಥ ಪ್ಯಾಕೇಜ್ ಇಲ್ಲವೆಂದು ಪರದೆ ಹೇಳಿತು. ಪೆನ್‌ಡ್ರೈವಿನಲ್ಲಿದ್ದ ಹಳೆಯ ಪ್ರತಿಯನ್ನು ಅಳಿಸಿ ಕಚೇರಿಯ ಕಾಗದಪತ್ರ ತುಂಬಿಕೊಂಡಿದ್ದ. ಅವನ ಮುಖ ಇಳಿದುಹೋಯಿತು.

"ಏನಾಯ್ತು?"

"ನಾನೇ ತೆಗೆದುಬಿಟ್ಟೆ ಕಣೆ. ಯಾರೂ ಬಳಸ್ತಿಲ್ಲ ಅಂತ..."

"ಯಾರೂ ಇಲ್ಲ ಅಂತ ಹೇಗೆ ಗೊತ್ತಾಯ್ತು?"

"ಡೌನ್‌ಲೋಡ್ ಎಣಿಸ್ದೆ. ಸೊನ್ನೆ ಬಂತು."

ಅವಳು ಕತ್ತರಿ ಕೆಳಗಿಟ್ಟಳು. "ಹನ್ನೊಂದು ವರ್ಷದಿಂದ ಇಲ್ಲೇ ಕೂತು ಹೊಲೀತಿದೀನಿ. ನಿಮ್ಮ ಎಣಿಕೆಗೆ ನಾನು ಸಿಗಲೇ ಇಲ್ವಾ?"

ಸಿಕ್ಕಿರಲಿಲ್ಲ. ಪ್ರತಿ ಸಲವೂ ಅವನೇ ಪೆನ್‌ಡ್ರೈವಿಗೆ ಹಾಕಿಕೊಂಡು ಒಳಕೋಣೆಯಿಂದ ಅಂಗಡಿಗೆ ಹತ್ತು ಹೆಜ್ಜೆ ನಡೆದು ಬರುತ್ತಿದ್ದ. ಆ ಹತ್ತು ಹೆಜ್ಜೆಯನ್ನು ಯಾವ ಸರ್ವರೂ ಬರೆದಿಟ್ಟಿರಲಿಲ್ಲ. ಈ ಪ್ಯಾಕೇಜನ್ನು ಶುರುಮಾಡಿದ್ದೇ ಅವಳಿಗಾಗಿ ಎಂಬುದು ನೆನಪಾಗಿ ಅವನಿಗೆ ನಾಚಿಕೆಯಾಯಿತು.

ಅಳಿಸಿದ ಸಾಲನ್ನು ಹಿಂದಕ್ಕೆ ತಂದು ಅವಳ ಕಂಪ್ಯೂಟರಿನಲ್ಲೇ ಕಟ್ಟಲು ಕೂತ. ಪಾಪ, ಮುದಿ ಜೀವ. ಗುಂಯ್‌ಗುಡುತ್ತಾ ಎರಡು ಸಲ ಅರ್ಧಕ್ಕೆ ನಿಂತಿತು. ಅವಳು ಒಂದು ಬ್ಯಾಡ್ಜನ್ನು ಕೈಯಲ್ಲೇ ಹೊಲಿಯತೊಡಗಿದಳು. ಬೈದಿದ್ದರೆ ಎಷ್ಟೋ ವಾಸಿ ಎನ್ನಿಸಿತು ಅವನಿಗೆ. ಮೂರನೆಯ ಪ್ರಯತ್ನ ಸಂಜೆ ನಾಲ್ಕಕ್ಕೆ ದಡ ಸೇರಿ, ಕಸೂತಿ ಯಂತ್ರ ಹೊಲಿಯತೊಡಗಿತು.

ಪಟ್ಟಿಯಲ್ಲಿ ಆ ಸಾಲು ಎಲ್ಲರಿಗಾಗಿ ಮತ್ತೆ ಇರಬೇಕೆಂದು ಜೊತೆಗಾರರಿಗೆ ಬರೆದ. ಅವರಲ್ಲಿ ಗೂಬೆ ಎಂಬ ಅಡ್ಡಹೆಸರಿನವನು ಕೂಡಲೇ ಕೇಳಿದ: "ಹಳೇ ಕಂಪ್ಯೂಟರಿನಲ್ಲಿ ಬಳಸುವವರು ಎಷ್ಟು ಜನ?"

"ಒಬ್ಬರು," ಎಂದು ಇವನು ಟೈಪ್ ಮಾಡಿದ.

"ಏನು ಕೆಲಸ ಮಾಡ್ತಾರೆ ಅಂತಾನೂ ಹಾಕಿ," ಬೆನ್ನ ಹಿಂದೆ ಅವಳ ದನಿ ಕೇಳಿತು.

"ಒಬ್ಬರು. ಕಸೂತಿ ಕೆಲಸದವರು. ನನ್ನ ಹೆಂಡತಿ. ಎಣಿಸಲು ಮರೆತಿದ್ದೆ."

ಯಂತ್ರ ಕೆಂಪು ಬಟ್ಟೆಯ ಮೇಲೆ ಒಂದು ಬ್ಯಾಡ್ಜು ಮುಗಿಸಿತು. ಆಮೇಲೆ ಗೂಬೆ ಬರೆದ: "ಇಬ್ಬರು ಅಂತ ಹಾಕು. ನನ್ನ ಅಕ್ಕನ ಅಂಗಡಿಯಲ್ಲೂ ಅಂಥದೇ ಒಂದಿದೆ. ಪೆನ್‌ಡ್ರೈವಿನಲ್ಲಿ ನಾನೇ ಒಯ್ದು ಕೊಡ್ತಿರ್ತೀನಿ."

ಅವನು ಓದಿ ಹೇಳಿದ. ಬೆಳಗಿನಿಂದ ಬಿಗಿದಿದ್ದ ಅವಳ ಮುಖದಲ್ಲಿ ನಗು ಬಂತು. "ಆ ಅಕ್ಕನ ಡಿಸ್ಕ್ ಇನ್ನೂ ಚೆನ್ನಾಗಿರ್ಬೇಕು ಬಿಡಿ, ಅದಕ್ಕೇ ಅವರಿಗೂ ನೆನಪಾಗಿಲ್ಲ."

ನಕ್ಕವಳೇ ಕೈ ಚಾಚಿದಳು. "ಆ ಪ್ಯಾಕೇಜಿನ ಒಂದು ಪ್ರತಿ ಪೆನ್‌ಡ್ರೈವಿಗೆ ಹಾಕಿ ನಂಗೂ ಕೊಡಿ."

ಅವನು ಕೊಟ್ಟ ಪೆನ್‌ಡ್ರೈವನ್ನು ಸೂಜಿ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದಳು. ಆಮೇಲೆ ಮುಂದಿನ ಬ್ಯಾಡ್ಜಿನ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದಳು.